ಬಲದಿಂದ ಹೊಲಿದ ಪುಸ್ತಕ

ಬದ್ರೋದ್ದೀನ ಸಾಹೇಬರ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಮೊದಲು ನೆನಪಾಗುವುದು ನನ್ನ ಸಿಟ್ಟೇ. ಆ ಸಣ್ಣ ಅಂಗಡಿಯಲ್ಲಿ ನಿಂತು ಅವರಿಗೆ ನಾನು ಆಡಿದ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಟೀಚರುಗಳ ಚಾಳಿಯೇ ಹಾಗೆ. ಎದುರಿಗೆ ನಿಂತವರೆಲ್ಲ ಹೋಮ್‌ವರ್ಕ್ ಮಾಡದೆ ಬಂದ ಮಕ್ಕಳಂತೆ ಕಾಣುತ್ತಾರೆ. ನನ್ನ ಹೆಸರು ಶರೋನ. ಭಾಲ್ಕಿಯ ಒಂದು ಶಾಲೆಯಲ್ಲಿ ಇಪ್ಪತ್ತೇಳು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ, ಜೊತೆಗೆ ಗ್ರಂಥಾಲಯದ ಕೀಲಿಕೈಯೂ ನನ್ನ ಕೈಯಲ್ಲೇ ಇದೆ.

ಸಾಹೇಬರ ಬುಕ್ ಬೈಂಡಿಂಗ್ ಅಂಗಡಿ ಬೀದರಿನಲ್ಲಿ, ಹಳೇ ಮದರಸಾದ ಹಿಂದಿನ ಓಣಿಯಲ್ಲಿ. ಒಂದು ಕಡೆ ಬಳೆ ಅಂಗಡಿ, ಇನ್ನೊಂದು ಕಡೆ ಹೊಲಿಗೆ ಮಿಷನ್ ರಿಪೇರಿಯವನು, ನಡುವೆ ಇವರ ಕೋಣೆ. ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು. ಅರವತ್ತೈದು ವಯಸ್ಸು, ಬಿಳಿ ಗಡ್ಡ, ಬೆರಳುಗಳ ತುದಿ ಮಾತ್ರ ಯಾವಾಗಲೂ ಒಣಗಿದ ಅಂಟಿನಿಂದ ಬೆಳ್ಳಗೆ. ಹದಿನಾಲ್ಕನೇ ವಯಸ್ಸಿಗೆ ಸೋದರಮಾವನ ಹತ್ತಿರ ಸೂಜಿ ಹಿಡಿದವರು ಐವತ್ತು ವರ್ಷದಲ್ಲಿ ಹೊಲಿದದ್ದು ಹೆಚ್ಚಾಗಿ ಕುರಾನು, ಉರ್ದು ಕಿತಾಬು, ನಿಜಾಮನ ಕಾಲದ ಹಳೆಯ ದಫ್ತರು. ಉರ್ದು ಪುಸ್ತಕ ಬಲದಿಂದ ತೆರೆಯುತ್ತದೆ. ಅದರ ಹೊಲಿಗೆ ಬಲಕ್ಕಿರಬೇಕು. ಅವರ ಕೈ ಆ ಕಡೆಗೇ ಪಳಗಿದ ಕೈ. ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದಲು ಒಂದಕ್ಷರ ಬರುವುದಿಲ್ಲ. ಕನ್ನಡ ಪುಸ್ತಕ ಬಂದರೆ ಹಳೆಯ ಹೊಲಿಗೆ ಯಾವ ಕಡೆ ಇದೆಯೋ ನೋಡಿಕೊಂಡು ಅದೇ ಕಡೆ ಹೊಲಿದು ಕೊಡುತ್ತಿದ್ದರು.

ನಾನು ಅವರಲ್ಲಿಗೆ ಹೋದದ್ದು ಹನ್ನೆರಡು ಕಾಮಿಕ್ಸ್ ಪುಸ್ತಕಗಳನ್ನು ಹಿಡಿದುಕೊಂಡು. ನಾನು ಚಿಕ್ಕವಳಿದ್ದಾಗ ನಮ್ಮಪ್ಪ ವಿಲ್ಸನ ಮಾಸ್ತರರು ಭಾಲ್ಕಿ ಸ್ಟೇಷನ್ನಿನ ಪುಸ್ತಕದ ಗಾಡಿಯಿಂದ ತಿಂಗಳಿಗೊಂದರಂತೆ ತಂದುಕೊಟ್ಟವು. ಅವ್ವ ಸಾರಮ್ಮ ನರ್ಸು, ಶಿಸ್ತಿನ ಹೆಂಗಸು. ಬೈಬಲ್ಲು, ಕೀರ್ತನೆ ಪುಸ್ತಕ, ಪಠ್ಯಪುಸ್ತಕ ಬಿಟ್ಟು ಮಿಕ್ಕಿದ್ದೆಲ್ಲ ಒಲೆಗೆ ಅನ್ನುವವಳು. ಹಾಗಾಗಿ ಅಪ್ಪ ಅವನ್ನು ಅಂಗಿಯೊಳಗೆ ಬಚ್ಚಿಟ್ಟು ತರುತ್ತಿದ್ದರು, ನಾನು ಕೀರ್ತನೆ ಪುಸ್ತಕದೊಳಗೆ ಬಚ್ಚಿಟ್ಟು ಓದುತ್ತಿದ್ದೆ. ಹನ್ನೆರಡನೇ ತಿಂಗಳಾದ ಮೇಲೆ ಆ ಪತ್ರಿಕೆಯೇ ನಿಂತುಹೋಯಿತು. ಇವಕ್ಕೆ ರಟ್ಟು ಕಟ್ಟಿಸಿ ಶಾಲೆಗೆ ಕೊಟ್ಟುಬಿಡೋಣ, ಮಕ್ಕಳು ಮೊಬೈಲಿನಿಂದ ಅರ್ಧ ಗಂಟೆಯಾದರೂ ಕಣ್ಣು ತೆಗೆಯಲಿ ಎಂದುಕೊಂಡು ಒಂದು ಶನಿವಾರ ಬೀದರ ಬಸ್ಸು ಹತ್ತಿದೆ.

ಸಾಹೇಬರು ಮೇಲಿನ ಪುಸ್ತಕ ತೆರೆದು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

"ಟೀಚರಮ್ಮ, ಇದು ಏನ್ ಕಿತಾಬ್ರಿ? ಅಕ್ಷರಕಿಂತ ಮಂದಿನೇ ಭಾಳ ಅದಾರ."

"ಚಿತ್ರಕಥಿ ಅಂತಾರ್ರಿ. ನೀವು ಒಮ್ಮೆನೂ ನೋಡಿಲ್ಲೇನ್ರಿ?"

"ಎಲ್ಲಿ ನೋಡ್ಬೇಕ್ರಿ. ನಮ್ಮ ಮನ್ಯಾಗ ಚಿತ್ರ, ತಸ್ವೀರ್ ಏನೂ ಇಡ್ತಿರಲಿಲ್ಲ. ಸಾಲಿಗಿ ಹೋಗಿದ್ದು ನಾಕು ವರ್ಷ, ಅಲ್ಲಿನೂ ಬರೀ ಅಕ್ಷರ."

ಐವತ್ತು ವರ್ಷ ಪುಸ್ತಕಗಳ ನಡುವೆಯೇ ಕೂತ ಮನುಷ್ಯ ಕಾಮಿಕ್ಸ್ ನೋಡಿಲ್ಲ ಅಂದರೆ ನನಗೆ ನಗು ಬಂತು. ನಕ್ಕೇಬಿಟ್ಟೆ. ಅವರಿಗೇನೂ ಬೇಸರವಾಗಲಿಲ್ಲ. ಬಾಯಿಯ ಮುಂದೆ ಬರೆದ ಗುಳ್ಳೆಯ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದರು. ಅದು ಮಾತು, ಯಾರು ಮಾತಾಡುತ್ತಾರೋ ಅವರ ಬಾಯಿಯ ಕಡೆಗೆ ಅದರ ಬಾಲ ಇರುತ್ತದೆ ಎಂದೆ.

"ಹಂಗಾದ್ರ ಸುಮ್ನಿದ್ದವರ ಮುಂದ ಏನೂ ಇರಂಗಿಲ್ಲ?"

"ಇರಂಗಿಲ್ರಿ."

"ಛಲೋ ಅದ. ಯಾರು ಸುಮ್ನ ಕೂತಾರ ಅಂತ ನೋಡಿದ ಕೂಡ್ಲೇ ಗೊತ್ತಾಗ್ತದ," ಅಂದರು.

ಹನ್ನೊಂದು ಪುಸ್ತಕಗಳ ಪಿನ್ನುಗಳು ಇನ್ನೂ ಗಟ್ಟಿಯಾಗಿದ್ದವು. ಹನ್ನೆರಡನೆಯದರದು ಮಾತ್ರ ತುಕ್ಕು ಹಿಡಿದು ಉದುರಿ, ಮಡಿಕೆಯಲ್ಲೂ ಹರಿದು, ಹಾಳೆಗಳೆಲ್ಲ ಬಿಡಿಬಿಡಿಯಾಗಿದ್ದವು. ಪುಟದ ಅಂಕಿಗಳಿದ್ದವು, ಆದರೆ ಕನ್ನಡದ ಅಂಕಿ. ಅವರಿಗೆ ಅವು ಬರುವುದಿಲ್ಲವೆಂದು ನನಗೆ ಹೊಳೆಯಲಿಲ್ಲ. ಆವತ್ತು ಬಿಸಿಲಿಗೆ ಗಂಟಲು ಒಣಗಿ ಕುಡಿಯಲು ನೀರು ಕೇಳಿದೆ. ಅಂಗಡಿಯಲ್ಲಿ ನೀರು ಇಡುವುದಿಲ್ಲ ಎಂದು ಎದುರಿನ ಚಹಾ ಹೋಟೆಲಿಗೆ ಕೈ ತೋರಿಸಿದರು. ಅಂಟು ಕಲಸುವವರ ಅಂಗಡಿಯಲ್ಲಿ ನೀರಿಲ್ಲವೇ, ಎಂಥ ಜುಗ್ಗ ಮನುಷ್ಯ ಎಂದುಕೊಂಡೆ.

ಮುಂದಿನ ಶನಿವಾರ ಹೋದರೆ ಕೆಲಸ ಅರ್ಧಕ್ಕೆ ನಿಂತಿತ್ತು. ಸಾಹೇಬರು ಗೋಡೆಗೆ ಒರಗಿ, ಕಾಮಿಕ್ಸನ್ನು ಮೊಣಕಾಲ ಮೇಲೆ ಹರಡಿಕೊಂಡು ಕೂತಿದ್ದರು. ಹೊಲಿಯಲು ಬಂದ ಕುರಾನುಗಳು ಕಪಾಟಿನಲ್ಲಿ ಕಾಯುತ್ತಿದ್ದವು. ನರಿಯ ಕಥೆ, ಕಳ್ಳರ ಕಥೆ, ಚಂದ್ರನಿಗೆ ಹೋದ ಕುಂಬಾರನ ಕಥೆ, ಎಲ್ಲವನ್ನೂ ಅವರು ಚಿತ್ರ ನೋಡಿಯೇ ಮುಗಿಸಿದ್ದರು. ಕುಂಬಾರ ಅಲ್ಲಿ ಹೋಗಿ ಏನು ಮಾಡಿದ ಎಂದು ನನ್ನ ಕೈಲಿ ಓದಿಸಿಕೊಂಡರು, ತಮ್ಮ ಊಹೆ ತಪ್ಪಿದಾಗಲೆಲ್ಲ ತೊಡೆ ತಟ್ಟಿಕೊಂಡು ನಕ್ಕರು. ನನಗೂ ಖುಷಿಯಾಯಿತು. ಅರವತ್ತೈದಕ್ಕೆ ಹೀಗೆ ಹುಚ್ಚು ಹಿಡಿಸಿಕೊಂಡವರನ್ನು ನಾನು ನೋಡಿರಲಿಲ್ಲ.

ಆಮೇಲೆ ಅವರು ಹನ್ನೆರಡನೆಯದರ ಬಿಡಿ ಹಾಳೆ ಒಂದನ್ನು ತೆಗೆದರು. ಅದು ಗಂಗಿ ಅನ್ನುವ ಹುಡುಗಿಯ ಕಥೆ. ಪುಟಕ್ಕೆ ಎರಡೇ ಚಿತ್ರ, ಪಕ್ಕ ಪಕ್ಕ. ಒಂದರಲ್ಲಿ ಗಂಗಿ ಕೊಡ ಹಿಡಿದು ಬಾವಿಯ ಮೆಟ್ಟಿಲ ಮೇಲೆ ನಿಂತಿದ್ದಾಳೆ. ಇನ್ನೊಂದರಲ್ಲಿ ನೀರಿನ ಮೇಲೆ ಕೊಡವೊಂದೇ ತೇಲುತ್ತಿದೆ. ಸಾಹೇಬರು ಎರಡೂ ಚಿತ್ರಗಳ ನಡುವಿನ ಬಿಳಿ ಪಟ್ಟಿಯ ಮೇಲೆ ಉಗುರು ಎಳೆದರು. ಬೆರಳಿನಷ್ಟೂ ಅಗಲವಿಲ್ಲದ ಖಾಲಿ ಜಾಗ.

"ಇದರಾಗ ಏನಾಯ್ತ್ರಿ?"

"ಅದರಾಗ ಏನೂ ಇಲ್ರಿ. ಅದು ಬರೇ ನಡುವಿನ ಜಾಗ."

"ಹಂಗ ಹ್ಯಾಂಗ್ರಿ. ಇಲ್ಲಿ ಅದಾಳ, ಅಲ್ಲಿ ಇಲ್ಲ. ಆಗಿದ್ದೆಲ್ಲ ಇದರಾಗೇ ಆಗ್ಯಾದ. ಬರೆದವರು ನೋಡಿರಬೇಕಲ್ಲ?"

ಬರೆದವರೂ ನೋಡಿರುವುದಿಲ್ಲ, ಅದನ್ನು ಓದುವವರೇ ಮನಸ್ಸಿನಲ್ಲಿ ತುಂಬಿಕೊಳ್ಳಬೇಕು ಎಂದು ನನಗೆ ತಿಳಿದಂತೆ ಹೇಳಿದೆ. ಅವರು ಹಾಳೆಯನ್ನು ಕೆಳಗಿಟ್ಟರು. ಆವತ್ತು ಮತ್ತೆ ನಗಲಿಲ್ಲ. ಹುಡುಗಿ ಕೊನೆಗೆ ಹೊರಗೆ ಬರುತ್ತಾಳೋ ಇಲ್ಲವೋ ಎಂದು ಮಾತ್ರ ಒಮ್ಮೆ ಕೇಳಿದರು. ಇದೇ ಕೊನೆಯ ಪುಟ, ಇದರ ಕೆಳಗೆ ಬರೆದ ಪ್ರಕಾರ ಬಾವಿಯ ತಳದಲ್ಲಿ ಒಂದು ಊರಿದೆಯಂತೆ, ಅವಳು ಅಲ್ಲಿಗೆ ಹೋಗುತ್ತಾಳಂತೆ, ಮುಂದಿನ ತಿಂಗಳು ಹೊರಗೆ ಬರಬೇಕಿತ್ತು, ಆದರೆ ಪತ್ರಿಕೆಯೇ ನಿಂತುಹೋಯಿತು ಎಂದೆ. ನಾಲ್ಕು ದಶಕದಿಂದ ಆ ಹುಡುಗಿಯನ್ನು ಬಾವಿಯೊಳಗೇ ಬಿಟ್ಟು ನಾನು ಆರಾಮಾಗಿ ಓಡಾಡಿಕೊಂಡಿದ್ದೇನೆ ಎಂಬ ಯೋಚನೆ ನನಗೆ ಆಗ ಬರಲಿಲ್ಲ.

ಮೂರನೇ ಶನಿವಾರ ಹನ್ನೆರಡೂ ಪುಸ್ತಕ ಸಿದ್ಧವಾಗಿದ್ದವು. ಹಸಿರು ಬಟ್ಟೆಯ ರಟ್ಟು, ನೇರ ಹೊಲಿಗೆ, ಕಣ್ಣಿಗೆ ಹಬ್ಬ. ಭಾಲ್ಕಿಗೆ ಬಂದು ಒಂದೊಂದಾಗಿ ತೆರೆದೆ. ಹನ್ನೆರಡನೆಯದನ್ನು ತೆರೆದರೆ ಮೊದಲ ಪುಟದಲ್ಲೇ ನೀರಿನ ಮೇಲೆ ತೇಲುವ ಕೊಡ. ರಟ್ಟು ತಿರುಗಿಸಿ ನೋಡಿದೆ. ಇಡೀ ಪುಸ್ತಕವನ್ನು ಬಲಕ್ಕೆ ಹೊಲಿದಿದ್ದರು. ಬಲದಿಂದ ತೆರೆದರೆ ಕೊನೆಯ ಪುಟ ಮೊದಲು ಬರುತ್ತಿತ್ತು, ಮೊದಲ ಪುಟ ಕೊನೆಗೆ.

ಓದು ಬಾರದವರು, ತಪ್ಪಾಗಿರಬಹುದು ಎಂದು ಬಿಡುತ್ತಿದ್ದೆ. ಆದರೆ ಬೆಳಕಿಗೆ ಹಿಡಿದು ನೋಡಿದಾಗ ಹಾಳೆಗಳ ಎಡ ಅಂಚನ್ನು ಕತ್ತರಿಸಿ ತೆಗೆದದ್ದು ಕಂಡಿತು. ಪಿನ್ನಿನ ಹಳೆಯ ತೂತುಗಳು ಇದ್ದದ್ದು ಅಲ್ಲೇ. ಆ ತೂತು ನೋಡಿದ್ದರೆ ಎಂಥ ಹೊಸಬನಿಗೂ ಹೊಲಿಗೆ ಯಾವ ಕಡೆ ಎಂದು ಗೊತ್ತಾಗುತ್ತಿತ್ತು. ಐವತ್ತು ವರ್ಷ ಸೂಜಿ ಹಿಡಿದವರು ತೂತು ನೋಡದೆ ಕತ್ತರಿಸುತ್ತಾರೆಯೇ? ನೋಡಿ, ಬೇಕೆಂದೇ ಕತ್ತರಿಸಿದ್ದರು. ಅಪ್ಪ ಅಂಗಿಯೊಳಗೆ ತಂದುಕೊಟ್ಟ ಪುಸ್ತಕ. ನನಗೆ ನೆತ್ತಿಗೇರಿತು. ವಾರವಿಡೀ ಆ ಸಿಟ್ಟನ್ನು ತಣಿಯಲು ಬಿಡದೆ ಕಾಪಾಡಿಕೊಂಡು ಬಂದೆ, ಭಾನುವಾರ ಚರ್ಚಿನಲ್ಲೂ.

ನಾಲ್ಕನೇ ಶನಿವಾರ ಹನ್ನೆರಡು ಗಂಟೆಯ ಸುಮಾರಿಗೆ ಅಂಗಡಿಗೆ ಹೋದೆ. ಸಾಹೇಬರು ಸಣ್ಣ ಸ್ಟೋವಿನ ಮೇಲೆ ಮೈದಾ ಹಿಟ್ಟಿನ ಲೇಯಿ ಕಾಯಿಸುತ್ತಿದ್ದರು. ಬೈಂಡಿಂಗಿನವರು ಅಂಟಿಗೆ ಲೇಯಿ ಅನ್ನುತ್ತಾರೆ. ಮನೆಯಿಂದ ಬಾಟಲಿಯಲ್ಲಿ ತಂದ ನೀರನ್ನು ಅಳೆದು ಸುರಿಯುತ್ತಿದ್ದರು. ಪುಸ್ತಕವನ್ನು ಅವರ ಮುಂದೆ ಇಡಲಿಲ್ಲ, ಒಗೆದೆ.

"ಇಷ್ಟು ವಯಸ್ಸಾಗ್ಯಾದ, ಮಾಡೋ ಕೆಲಸದಾಗ ನಿಯತ್ತು ಬ್ಯಾಡೇನ್ರಿ? ಬರಲ್ಲಂದ್ರ ಬರಲ್ಲ ಅನ್ಬೇಕು. ಕೂಸು ಸತ್ತಂಗ ಆಗ್ಯಾದ ನನಗ ಇದನ್ನ ನೋಡಿ."

ಇದೇ ಆ ಮಾತು.

ಅವರು ಸ್ಟೋವು ಆರಿಸಿದರು. ಪುಸ್ತಕವನ್ನು ಎತ್ತಿ ಒರೆಸಿ ತೊಡೆಯ ಮೇಲಿಟ್ಟುಕೊಂಡರು. ಬಿಚ್ಚಿ ಸರಿಯಾಗಿ ಹೊಲಿದು ಕೊಡಿ ಎಂದೆ. ಇದೊಂದನ್ನು ಬಿಚ್ಚುವುದಿಲ್ಲ, ಇದನ್ನು ನನಗೇ ಬಿಟ್ಟುಬಿಡಿ ಎಂದರು. ಯಾಕೆ ಎಂದೆ. ಆಗ ಅವರು ಪುಸ್ತಕವನ್ನು ಬಲದಿಂದ ತೆರೆದು ನನಗೆ ಆ ಕಥೆ ಹೇಳಿದರು. ಹೇಳಿದ್ದು ತಮ್ಮ ಕಥೆ.

ಮೊದಲು ನಿಜವಾಗಿಯೂ ತಪ್ಪೇ ಆಗಿತ್ತಂತೆ, ನಾನು ಎರಡನೇ ಸಲ ಬರುವ ಮೊದಲೇ. ಬಿಡಿ ಹಾಳೆಗಳನ್ನು ನೆಲದ ಮೇಲೆ ಹರಡಿ, ರೂಢಿಯಂತೆ ಬಲದಿಂದ ಎಡಕ್ಕೆ ನೋಡುತ್ತಾ ಹೋದರು. ಹಾಗೆ ನೋಡಿದರೆ ಮೊದಲು ನಿಂತ ನೀರು, ತೇಲುವ ಕೊಡ. ಪಕ್ಕದ ಚಿತ್ರದಲ್ಲಿ ಹುಡುಗಿ ಮೆಟ್ಟಿಲ ಮೇಲೆ, ಕೊಡ ಕೈಯಲ್ಲಿ. ಮುಂದೆ ಬೇವಿನ ಮರದ ಕೆಳಗೆ. ಮುಂದೆ ಓಣಿಯಲ್ಲಿ. ಕೊನೆಗೆ ಮನೆಯ ಬಾಗಿಲಲ್ಲಿ, ಕೊಡದ ಮೇಲೆ ಅವಳ ಕೈಯೂ ಅಜ್ಜಿಯ ಕೈಯೂ. ಹುಡುಗಿ ಬಾವಿಯಿಂದ ಎದ್ದು ಮನೆಗೆ ಬಂದು ನೀರು ಕೊಟ್ಟಳು.

"ಆಕಿ ಮಾರಿ ಬಾವಿ ಕಡಿನೇ ಅದಲ್ರಿ," ಎಂದೆ ನಾನು, ಆಗಲೂ ತಪ್ಪು ತಿದ್ದುವ ಚಟದಿಂದ.

"ಹೌದ್ರಿ. ದರ್ಗಾದಿಂದ ಹೊರಗ ಬರುವಾಗ ನಾವು ಬೆನ್ನು ತೋರ್ಸಂಗಿಲ್ಲ, ಹಿಂದ ಹಿಂದ ಹೆಜ್ಜಿ ಇಡ್ತೀವಿ. ಆಕಿನೂ ಹಂಗ ಬರ್ಲಾಕತ್ಯಾಳ ಅಂದ್ಕೊಂಡೆ."

ಆಮೇಲೆ ಪಿನ್ನಿನ ತೂತುಗಳು ಎಡಕ್ಕಿರುವುದು ಕಣ್ಣಿಗೆ ಬಿತ್ತು. ಕಥೆ ಆ ಕಡೆಯಿಂದ ಶುರುವಾಗುತ್ತದೆ ಎಂದು ತಿಳಿಯಿತು. ಹುಡುಗಿ ಹೊರಗೆ ಬರಲೇ ಇಲ್ಲ ಎಂದು ನನ್ನಿಂದ ಕೇಳಿದ ಮೇಲೆ ಎರಡು ದಿನ ಹಾಗೇ ಇಟ್ಟುಕೊಂಡಿದ್ದು ಮೂರನೇ ದಿನ ಅಂಚು ಕತ್ತರಿಸಿಬಿಟ್ಟರು.

ಮೂವತ್ತು ವರ್ಷದ ಹಿಂದಿನ ಮಾತು. ಬೇಸಿಗೆಯಲ್ಲಿ ಸಾಹೇಬರು ಔರಾದ ತಾಲ್ಲೂಕಿನ ಊರುಗಳಿಗೆ ಹಳೆಯ ದಫ್ತರು ಹೊಲಿಯಲು ಹೋಗುತ್ತಿದ್ದರು. ಸಂತಪುರದಲ್ಲಿ ಅಕ್ಕ ಇಮಾಮಬೀಯ ಮನೆ, ಅಲ್ಲೇ ಮುಕ್ಕಾಂ. ಆ ವರ್ಷ ಹೆಂಡತಿ ಶಮೀಮ ಬಾಣಂತಿ, ಬೀದರಿನಲ್ಲಿದ್ದರು. ಎಂಟು ವರ್ಷದ ದೊಡ್ಡ ಮಗಳು ಅತಿಯಾ ಮನೆಯಲ್ಲಿ ಕಾಟ ಕೊಡುತ್ತಾಳೆಂದು ಇವರೇ ಜೊತೆಗೆ ಕರೆದುಕೊಂಡು ಹೋದರು. ಒಂದು ಮಧ್ಯಾಹ್ನ, ಅಕ್ಕ ಹೊಲಕ್ಕೆ ಹೋಗಿದ್ದಳು, ಮನೆಯಲ್ಲಿ ನೀರು ತೀರಿತ್ತು, ಬಿಸಿಲಿಗೆ ಲೇಯಿ ಗಟ್ಟಿಯಾಗುತ್ತಿತ್ತು. ಒಮ್ಮೆ ಗಟ್ಟಿಯಾದರೆ ಅಷ್ಟೂ ಹಾಳು. ಮಗಳ ಕೈಗೆ ತಂಬಿಗೆ ಕೊಟ್ಟು ಬಾವಿಯಿಂದ ನೀರು ತಾ ಎಂದರು. ಹೋದಳು. ಬಹಳ ಹೊತ್ತಾದ ಮೇಲೆ ಇವರಿಗೆ ಕೆಲಸದಿಂದ ತಲೆ ಎತ್ತಿ ನೋಡಬೇಕೆನಿಸಿತು. ಅಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಅಲ್ಲೇ ಸಂತಪುರದಲ್ಲೇ ಮಣ್ಣು ಕೊಟ್ಟರು.

"ಮನಿಗಿ ಬಂದಾಗ ಇವಳು ಕೇಳಿದ್ಳು, ಪೋರಿ ಬಾವಿಗಿ ಯಾಕ ಹೋದ್ಳು ಅಂತ. ಹಸಿ ಬಾಣಂತಿ. ನನ್ನ ಬಾಯಿಂದ ಬಂದೋಯ್ತ್ರಿ, ಬ್ಯಾಡ ಅಂದ್ರೂ ಆಡ್ಲಾಕ ಹೋದ್ಳು ಅಂತ. ಒಂದು ದಿನ ಬಿಟ್ಟು ಖರೇ ಹೇಳ್ಬೇಕಂದೆ. ಒಂದು ವಾರ ಬಿಟ್ಟು ಹೇಳ್ಬೇಕಂದೆ."

ಮೂವತ್ತು ವರ್ಷವಾಯಿತು. ಶಮೀಮಬೀ ಆ ಮಾತನ್ನು ನಂಬಿದರು. ನಂಬಿ ಮಗಳ ಮೇಲೆ ಸಿಟ್ಟಾದರು. ವರ್ಷಕ್ಕೊಮ್ಮೆ ಶಬೇಬರಾತ್ ದಿನ ತೀರಿಕೊಂಡವರ ಹೆಸರಿನಲ್ಲಿ ಹಲ್ವಾ ಮಾಡಿ ಫಾತಿಹಾ ಓದಿಸುತ್ತಾರಲ್ಲ, ಅತಿಯಾಳ ತಟ್ಟೆಯ ಮುಂದೆ ಕೂತು ಆಕೆ ಮಗಳನ್ನು ಬೈಯುತ್ತಿದ್ದರಂತೆ. ಮಾತು ಕೇಳದವಳು, ಹಟಮಾರಿ, ಅಪ್ಪ ಬೇಡವೆಂದರೂ ಹೋದೆ, ನನ್ನ ಎದೆಗೆ ಕೊಳ್ಳಿ ಇಟ್ಟೆ ಎಂದು. ಸಾಹೇಬರು ಪಕ್ಕದಲ್ಲಿ ಕೂತು ಕೇಳುತ್ತಿದ್ದರು. ಪ್ರತಿ ವರ್ಷ.

"ಆಕಿ ಬರ್ತಾಳ್ರಿ," ಅಂದರು ಆಮೇಲೆ, ದನಿ ತಗ್ಗಿಸಿ. "ಹಗಲಾಗೇ. ನಾ ಲೇಯಿ ಸ್ಟೋವ್ ಮ್ಯಾಲ ಇಟ್ಟಾಗ ಬಂದು ಬೆನ್ನ ಹಿಂದ, ಬಾಗಲದಾಗ ನಿಂದರ್ತಾಳ. ತಣ್ಣಗ ಗಾಳಿ ಬಂದಂಗ ಆಗ್ತದ, ಹಸಿ ಅರಿವಿ ವಾಸನಿ ಬರ್ತದ. ನಾ ಒಮ್ಮೆನೂ ತಿರುಗಿ ನೋಡಿಲ್ಲ. ನೀರು ಎಲ್ಲಿ ಇಡ್ಲಿ ಅಬ್ಬಾ ಅಂತ ಕೇಳ್ಲಾಕ ನಿಂತಂಗ ಅನಿಸ್ತದ. ನಾ ಏನ್ ಹೇಳ್ಬೇಕು? ಅಂಗಡ್ಯಾಗ ನೀರ ಇಡೋದೇ ಬಿಟ್ಟೆ. ಆದ್ರೂ ಬರ್ತಾಳ."

ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದವಳು ನಾನು. ಮಟಮಟ ಮಧ್ಯಾಹ್ನ, ಓಣಿಯ ತುಂಬ ಜನ, ಆದರೂ ನನಗೆ ಹಿಂದೆ ತಿರುಗಿ ನೋಡಲು ಧೈರ್ಯ ಬರಲಿಲ್ಲ. ಹೆದರಿದೆ ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

"ಈ ಕಿತಾಬಿನಾಗ ಆಕಿ ನೀರು ತಂದು ಕೊಟ್ಟು ಮನಿ ಸೇರ್ತಾಳ. ಇದನ್ನ ಬಿಚ್ಚಿ ಸರಿ ಮಾಡು ಅಂದ್ರ, ನಾ ನನ್ನ ಕೈಯಾರೆ ಆಕೀಗಿ ಮತ್ತೊಮ್ಮಿ ಬಾವಿಗಿ ಕಳಿಸ್ದಂಗ ಆಗ್ತದ್ರಿ, ಟೀಚರಮ್ಮ. ಇವಳಿಗಿ ಮಾತ್ರ ಏನೂ ಹೇಳಬ್ಯಾಡ್ರಿ."

ಇವಳು ಅಂದರೆ ಶಮೀಮಬೀ. ಊಟದ ಡಬ್ಬಿ ಹಿಡಿದು ಆಕೆ ಅಷ್ಟರಲ್ಲಿ ಬಂದೇಬಿಟ್ಟರು. ಬಾಗಿಲಲ್ಲಿ ನೆರಳು ಬಿದ್ದಾಗ ಸಾಹೇಬರೂ ನಾನೂ ಬೆಚ್ಚಿದೆವು. ತೆಳ್ಳಗಿನ ಹೆಂಗಸು, ಬೇಗ ಬೇಗ ಮಾತು. ನಾನು ಯಾರೆಂದು ಕೇಳಿದರು, ಕೂತುಕೊಳ್ಳಲು ಹೇಳಿದರು, ಊಟ ಮಾಡುತ್ತೀರಾ ಅಂದರು. ಇನ್ನು ಮುಂದಿನ ಮಾತುಗಳು ಹೆಚ್ಚಾಗಿ ದಖನಿ ಉರ್ದುವಿನಲ್ಲಿ ನಡೆದವು. ನನಗೆ ಬರುವ ಕನ್ನಡದಲ್ಲೇ ಹೇಳುತ್ತೇನೆ.

ಆಕೆಯ ಕಣ್ಣು ಗಂಡನ ತೊಡೆಯ ಮೇಲಿದ್ದ ಪುಸ್ತಕದ ಮೇಲೆ ಬಿತ್ತು. ಇದೇನಾ ನೀವು ಮನೆಯಲ್ಲಿ ದಿನಾ ಹೇಳುತ್ತಿದ್ದ ಚಿತ್ರದ ಕಿತಾಬು, ಕೊಡಿ ನೋಡೋಣ ಎಂದು ಕೈಯಿಂದ ತೆಗೆದುಕೊಂಡರು. ಓದಿದ್ದು ಕುರಾನೊಂದೇ ಆದ್ದರಿಂದ ಆಕೆಯೂ ಬಲದಿಂದಲೇ ತೆರೆದರು. ನೀರು, ಕೊಡ, ಮೆಟ್ಟಿಲು, ಹುಡುಗಿ. ಎರಡನೇ ಪುಟಕ್ಕೇ ಆಕೆಯ ಮುಖ ಬಿಗಿಯಿತು.

"ನಮ್ಮಾಕಿನೂ ಇಷ್ಟೇ ಇದ್ಳು, ಟೀಚರಮ್ಮ. ಮಾತು ಕೇಳ್ತಿರಲಿಲ್ಲ. ಅಬ್ಬಾ ಬ್ಯಾಡ ಅಂದ್ರೂ ಬಾವಿಗಿ ಹೋದ್ಳು. ಕೇಳಿದ್ರ ಇವತ್ತು ಆಕಿ ಮಕ್ಕಳಿಗಿ ನಾ ಡಬ್ಬಿ ಕಟ್ತಿದ್ದೆ."

ನಾನು ನೆಲ ನೋಡುತ್ತಾ ನಿಂತೆ. ಸಾಹೇಬರ ಕಡೆ ನೋಡುವ ಧೈರ್ಯ ಇರಲಿಲ್ಲ. ಅವರು ಸುಮ್ಮನಿದ್ದುಬಿಡಬಹುದಿತ್ತು. ಮೂವತ್ತು ವರ್ಷದಿಂದ ಅದನ್ನೇ ಮಾಡಿದ್ದರು. ನಾನಂತೂ ಹೇಳುತ್ತಿರಲಿಲ್ಲ, ಪುಸ್ತಕವನ್ನೂ ಅಲ್ಲೇ ಬಿಟ್ಟು ಹೋಗುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು.

ಅವರು ಹೆಂಡತಿಯ ಕೈಯಿಂದ ಪುಸ್ತಕ ತೆಗೆದುಕೊಂಡರು. ಅದನ್ನು ಬೋರಲು ತಿರುಗಿಸಿದರು. ಎಡಗಡೆಯ ರಟ್ಟನ್ನು ತೆರೆದು ಆಕೆಯ ಮುಂದೆ ಹಿಡಿದರು. ಬಾಗಿಲಲ್ಲಿ ನಿಂತ ಗಂಗಿ, ಅವಳ ಕೈಗೆ ಖಾಲಿ ಕೊಡ ಕೊಡುತ್ತಿರುವ ಅಜ್ಜಿ, ಅಜ್ಜಿಯ ಬಾಯಿಂದ ಹೊರಟ ಮಾತಿನ ಗುಳ್ಳೆ.

"ಕಥಿ ಇಲ್ಲಿಂದ ಸುರು ಆಗ್ತದ, ಶಮೀಮ. ಆಕಿ ತಾನಾಗೇ ಹೋಗಿಲ್ಲ. ನಾ ಕಳಿಸಿದ್ದೆ."

ಪ್ರತಿ ಭಾನುವಾರ ನಾವು ಚರ್ಚಿನಲ್ಲಿ ಪಾಪ ಒಪ್ಪಿಕೊಳ್ಳುತ್ತೇವೆ. ಎಲ್ಲರೂ ಒಟ್ಟಿಗೆ, ಒಂದೇ ದನಿಯಲ್ಲಿ, ಪುಸ್ತಕ ನೋಡಿಕೊಂಡು. ಯಾರಿಗೂ ಯಾರ ಪಾಪವೂ ಕೇಳಿಸುವುದಿಲ್ಲ, ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣುತ್ತೇವೆ. ಒಬ್ಬ ಮನುಷ್ಯ ಒಬ್ಬನೇ ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಆವತ್ತೇ.

ಶಮೀಮಬೀ ಅಳಲಿಲ್ಲ, ಕೂಗಲೂ ಇಲ್ಲ. ಆ ಚಿತ್ರದ ಮೇಲೆ ಬೆರಳಿಟ್ಟು ಕೇಳಿದರು: "ಏನಂದಿ ಆಕೀಗಿ?"

"ಲೇಯಿ ಒಣಗ್ಲಾಕತ್ಯಾದ, ಲಗೂನ ನೀರು ತಾ ಅಂದೆ."

"ಆಕಿ ಏನಂದ್ಳು?"

"ಹೂಂ ಅಬ್ಬಾ ಅಂದ್ಳು. ಆಡ್ಲಾಕತ್ತಿದ್ಳು. ಆಟ ಬಿಟ್ಟು ಎದ್ದು ಹೋದ್ಳು."

ಆಕೆ ಡಬ್ಬಿಯನ್ನು ಗಂಡನ ಮುಂದೆ ಇಟ್ಟು, ಚಪ್ಪಲಿ ಮೆಟ್ಟಿ ಹೊರಗೆ ಇಳಿದರು. ಮನೆಯ ಕಡೆಗಲ್ಲ, ಬಸ್ ಸ್ಟ್ಯಾಂಡಿನ ಕಡೆಗೆ. ಸಾಹೇಬರು ಏಳಲು ಹೋದಾಗ ಹಿಂದೆ ತಿರುಗಿ, ನೀನು ಬರಬೇಡ ಎಂದರು. ಮೂವತ್ತು ವರ್ಷದ ಸಿಟ್ಟು ಹಿಡಿದು ಒಬ್ಬರೇ ಹೊರಟ ಹೆಂಗಸನ್ನು ಹೇಗೆ ಬಿಡುವುದು? ನಾನು ಹಿಂದೆ ಹೋದೆ.

ಔರಾದ ಬಸ್ಸಿನಲ್ಲಿ ಸಂತಪುರದವರೆಗೆ ಆಕೆ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ತೊಗರಿ ಕೊಯ್ದು ಬೋಳಾದ ಹೊಲಗಳು, ಅಲ್ಲಲ್ಲಿ ಕುರಿ. ಇಳಿದ ಮೇಲೆ ಯಾರನ್ನೂ ದಾರಿ ಕೇಳಲಿಲ್ಲ. ಕಬ್ರಸ್ತಾನದ ಮೂಲೆಯಲ್ಲಿ, ಜಾಲಿ ಗಿಡದ ಕೆಳಗೆ, ಸಣ್ಣ ದಿಬ್ಬ. ನಾನು ಗೋಡೆಯ ಹೊರಗೇ ನಿಂತೆ. ಆದರೆ ಆ ಬಯಲಿನಲ್ಲಿ ಸದ್ದೇ ಇರಲಿಲ್ಲ, ಆಕೆಯ ಮಾತು ಕೇಳಿಸುತ್ತಿತ್ತು. ಮೊದಲು ದಿಬ್ಬದ ಪಕ್ಕ ಕೂತರು. ಮಣ್ಣಿನ ಮೇಲಿದ್ದ ಮುಳ್ಳನ್ನು ಒಂದೊಂದಾಗಿ ಆಯ್ದು ಹಾಕಿದರು. ಕೈಯಲ್ಲಿ ದಿಬ್ಬ ಸವರಿದರು, ಮಗುವಿನ ಕೂದಲು ಸವರಿದ ಹಾಗೆ.

"ನೀ ಮಾತು ಕೇಳಿದ್ದಿ, ಬೇಟಾ," ಅಂದರು. "ನೀ ಮಾತು ಕೇಳಿದ್ದಿ."

ಅಷ್ಟನ್ನೇ ಎಷ್ಟು ಸಲ ಹೇಳಿದರೋ. ಬಿಸಿಲು ಇಳಿಯುವವರೆಗೂ ಹೇಳಿದರು. ನಾನು ಗೋಡೆಗೆ ತಲೆ ಇಟ್ಟು ಅತ್ತೆ, ನಮ್ಮಪ್ಪ ಸತ್ತಾಗ ಅತ್ತಿದ್ದಕ್ಕಿಂತ ಹೆಚ್ಚು.

ಆಮೇಲೆ ಒಂದು ತಿಂಗಳು ನಾನು ಬೀದರಿನ ಕಡೆ ಹೋಗಲಿಲ್ಲ. ನಾಚಿಕೆ. ಕೂಸು ಸತ್ತ ಮಾತನ್ನು ಆ ಮನುಷ್ಯನ ಮುಖಕ್ಕೆ ಒಗೆದು ಬಂದವಳು ಯಾವ ಮುಖ ಹೊತ್ತು ಹೋಗಬೇಕು? ಕಡೆಗೆ ಅವರೇ ಪರಿಚಯದ ಕಂಡಕ್ಟರನ ಕೈಲಿ ಹೇಳಿ ಕಳಿಸಿದರು, ಪುಸ್ತಕ ತಯಾರಾಗಿದೆ ಎಂದು.

ಹೋದೆ. ಅಂಗಡಿ ಹಾಗೇ ಇತ್ತು. ಶಮೀಮಬೀ ಈಗಲೂ ಡಬ್ಬಿ ತರುತ್ತಾರಂತೆ, ಇಡುತ್ತಾರಂತೆ, ಹೋಗುತ್ತಾರಂತೆ. ಮಾತಿಲ್ಲ. ಸಾಹೇಬರು ಅದನ್ನು ದೂರಿನಂತೆ ಹೇಳಲಿಲ್ಲ, ನ್ಯಾಯವಾಗಿಯೇ ಇದೆ ಎಂಬಂತೆ ಹೇಳಿದರು. ಪುಸ್ತಕವನ್ನು ಬಿಚ್ಚಿ, ಕತ್ತರಿಸಿದ ಅಂಚಿಗೆ ತೆಳು ಬಟ್ಟೆಯ ಪಟ್ಟಿ ಅಂಟಿಸಿ, ಎಡಕ್ಕೆ ಹೊಲಿದಿದ್ದರು. ಮೊದಲ ಪುಟದಲ್ಲಿ ಅಜ್ಜಿ, ಕೊನೆಯ ಪುಟದಲ್ಲಿ ನೀರು. ಒಂದು ಹೊಲಿಗೆಯೂ ವಾರೆಯಾಗಿರಲಿಲ್ಲ.

"ನಿಮ್ಮ ಹತ್ರಾನೇ ಇಟ್ಕೊಳ್ರಿ ಸಾಹೇಬ್ರ," ಎಂದೆ. "ನಾ ಆಡಿದ್ದು ತಪ್ಪಾಯ್ತು."

ಅವರು ತಲೆ ಅಲ್ಲಾಡಿಸಿ ಪುಸ್ತಕವನ್ನು ನನ್ನ ಕಡೆಗೆ ಸರಿಸಿದರು. ಮಕ್ಕಳು ಓದಲಿ, ಸರಿಯಾದ ಕಡೆಯಿಂದ ಓದಲಿ ಎಂದರು. ಸ್ಟೋವಿನ ಮೇಲೆ ಲೇಯಿ ಕುದಿಯುತ್ತಿತ್ತು. ಅವರ ಬೆನ್ನು ಬಾಗಿಲ ಕಡೆಗೇ ಇತ್ತು. ಕೇಳಬಾರದಿತ್ತು, ಆದರೂ ಕೇಳಿದೆ, ಈಗಲೂ ಬರುತ್ತಾಳಾ ಎಂದು.

ಸಾಹೇಬರು ಕಡ್ಡಿ ತಿರುಗಿಸುವುದನ್ನು ನಿಲ್ಲಿಸಿದರು. ಆಮೇಲೆ ಮೊದಲ ಸಲ, ನನ್ನ ಕಣ್ಣೆದುರೇ, ಹಿಂದೆ ತಿರುಗಿ ಬಾಗಿಲನ್ನು ನೋಡಿದರು. ಹೊಸ್ತಿಲ ಮೇಲೆ ಬಿಸಿಲು ಬಿದ್ದಿತ್ತು.

"ಅವತ್ತಿನಿಂದ ಬಂದಿಲ್ರಿ," ಅಂದರು. "ದಿನಾ ಕಾಯ್ತೇನಿ. ಅವ್ವನ ಕಡಿ ಹೋಗ್ಯಾಳ ಕಾಣ್ತದ. ಇನ್ನ ಆಕೀಗಿ ನನ್ನ ಕಡಿ ಬರ್ಲಾಕ ಏನ್ ಕೆಲಸ ಅದ್ರಿ?"